ಹಳೆಯ ಮಿತ್ಸುಬಿಷಿ ಶಕ್ತಿ ಟ್ರ್ಯಾಕ್ಟರ್‌ಗೆ 48 ಇಂಚಿನ ಮೋವರ್ ಡೆಕ್: ಬೀದರ್ ತೋಟದ ಕೆಲಸದ ದಾಖಲೆ

ಸಣ್ಣ ಟ್ರ್ಯಾಕ್ಟರ್‌ಗೆ ಹುಲ್ಲು ಕತ್ತರಿಸುವ ಡೆಕ್ (ಒಳಗೆ ಬ್ಲೇಡ್ ತಿರುಗುವ ತಗಡಿನ ಪೆಟ್ಟಿಗೆ) ಕೂಡಿಸ್ತೀನಿ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: "ಎಚ್‌ಪಿ ಸಾಕಾಗ್ತದಾ?" ಎಚ್‌ಪಿ ಬೇಕು, ಇಲ್ಲ ಅನ್ನೋದಿಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಬ್ಲೇಡ್‌ನ ತುದಿ ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತದೆ ಅಂತ. ಅದು ಕಡಿಮೆಯಾದರೆ ಹುಲ್ಲು ಕತ್ತರಿಸೋದಿಲ್ಲ, ಹರಿದು ಮಲಗುತ್ತದೆ. ಮಿತಿ ಮೀರಿದರೆ ಬ್ಲೇಡ್ ಮುರಿದು ಹಾರುತ್ತದೆ. ಗೇರ್ ಬಾಕ್ಸ್, ಪುಲ್ಲಿ, ಪಿಟಿಒ (ಟ್ರ್ಯಾಕ್ಟರ್ ಹಿಂದಿನಿಂದ ಸಾಮಾನಿಗೆ ಶಕ್ತಿ ಕೊಡುವ ಶಾಫ್ಟ್) ಗೇರ್ ಎಲ್ಲವನ್ನೂ ನಾನು ಈ ಒಂದು ಲೆಕ್ಕದಿಂದಲೇ ಆರಿಸಿದ್ದು. ಹಳೆಯ ಗಾಡಿಗೆ ಹೀಗೇ ಏನಾದರೂ ಕೂಡಿಸಲು ಹೊರಟವರಿಗೆ ಉಪಯೋಗ ಆಗಲಿ ಅಂತ ಅಳತೆ, ಖರ್ಚು, ಕೈಕೊಟ್ಟ ಜಾಗ ಎಲ್ಲ ಬರೆದಿದ್ದೇನೆ.

ನಮ್ಮದು ಬೀದರ್ ಹತ್ತಿರ ಕೇಸರ್ ಮಾವು, ನಡುವೆ ಪೇರಲ. ಕೆಂಪು ಮಸಾರಿ ಭೂಮಿ. ಸ್ವಲ್ಪ ಅಗೆದರೆ ಮುರುಮು, ಅದರ ಕೆಳಗೆ ತೂತು ತೂತಾದ ಕೆಂಪು ಕಲ್ಲು. ಬಹಮನಿ ಸುಲ್ತಾನರ ಕಾಲದಲ್ಲಿ ಕರೇಜ್ ಅನ್ನುವ ನೆಲದಡಿಯ ನೀರಿನ ಸುರಂಗ ತೋಡಿದ್ದು ಇದೇ ಕಲ್ಲಿನಲ್ಲಿ. ಮೇಲಿನ ಮಣ್ಣು ತೆಳು, ಜಮೀನು ಇಳಿಜಾರು. ರೋಟಾವೇಟರ್ ಹೊಡೆದ ವರ್ಷಗಳಲ್ಲಿ ಮೊದಲ ದೊಡ್ಡ ಮಳೆಗೇ ಮಣ್ಣು ಬದುವಿನಾಚೆ ಹೋಗುತ್ತಿತ್ತು. ಮೇಲ್ಪದರದ ಸಣ್ಣ ಬೇರುಗಳೂ ಕತ್ತರಿಸಿ ಹೋಗುತ್ತಿದ್ದವು. ಹಾಗಾಗಿ ಭೂಮಿ ಅಗೆಯೋದು ಬಿಟ್ಟು, ಹುಲ್ಲು ಬೆಳೆಯಲು ಬಿಟ್ಟು, ಕತ್ತರಿಸಿ ಗಿಡದ ಬುಡಕ್ಕೆ ಹಾಕೋಣ ಅಂತ ತೀರ್ಮಾನಿಸಿದೆವು. ಕರಿಕೆ, ಜೇಕು ಇದ್ದರೆ ತೊಂದರೆ ಇಲ್ಲ. ಕಾಂಗ್ರೆಸ್ ಕಸವನ್ನು ಮಾತ್ರ ಹೂ ಬಿಡುವ ಮೊದಲೇ ಕತ್ತರಿಸಲೇಬೇಕು, ಇಲ್ಲದಿದ್ದರೆ ಬೀಜ ಬಿದ್ದು ಮುಂದಿನ ವರ್ಷ ಇನ್ನೂ ಜಾಸ್ತಿ. ಹೆಗಲಿಗೆ ಹಾಕುವ ಬ್ರಷ್ ಕಟರ್‌ನಿಂದ ಇಡೀ ತೋಟ ಮುಗಿಸುವಷ್ಟರಲ್ಲಿ ಮೊದಲ ಸಾಲು ಮತ್ತೆ ಮೊಣಕಾಲುದ್ದ ಬಂದಿರುತ್ತದೆ.

ಅಂಗಡಿಯಲ್ಲಿ ಸಿಗುವ ಸ್ಲ್ಯಾಷರ್‌ಗಳು (ಟ್ರ್ಯಾಕ್ಟರ್ ಹಿಂದೆ ಕೂಡಿಸುವ ಹುಲ್ಲು ಕತ್ತರಿಸುವ ಯಂತ್ರ) ಹೆಚ್ಚಾಗಿ 35 ಎಚ್‌ಪಿ ಮತ್ತು ಮೇಲಿನ ಗಾಡಿಗೆ ಮಾಡಿದವು. ಅಷ್ಟು ದೊಡ್ಡ ಗಾಡಿ ನಮ್ಮ ಮಾವಿನ ಕೊಂಬೆ ಕೆಳಗೆ ಹೋಗುವುದಿಲ್ಲ. ಮನೆಯಲ್ಲಿದ್ದದ್ದು 1990ರ ದಶಕದ ಮಿತ್ಸುಬಿಷಿ ಶಕ್ತಿ ಎಂಟಿ 180ಡಿ. ಬೆಂಗಳೂರಿನ ವಿಎಸ್‌ಟಿ ಕಂಪನಿಯ ಗಾಡಿ, 3 ಸಿಲಿಂಡರ್, 18.5 ಎಚ್‌ಪಿ. ಗಿಡ್ಡ, ಕಿರಿದು, ತೋಟದ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

1. ಮೊದಲು ಗಾಡಿಯ ಅಳತೆ

ಡೆಕ್ ಕೊಳ್ಳುವ ಮೊದಲೇ ಇಷ್ಟನ್ನು ಅಳೆದು ಬರೆದುಕೊಂಡೆ.

ಹಿಂದಿನ ಟೈರ್ ಹೊರಗಿನಿಂದ ಹೊರಗೆ 112 ಸೆಂ.ಮೀ. ಡೆಕ್ ಇದಕ್ಕಿಂತ ಅಗಲ ಇರಲೇಬೇಕು. ಕಡಿಮೆ ಇದ್ದರೆ ಗಾಲಿ ತುಳಿದ ಹುಲ್ಲು ಬ್ಲೇಡ್‌ಗೆ ಸಿಗದೆ ಉಳಿದು, ಎರಡು ದಿನಕ್ಕೆ ಎದ್ದು ನಿಲ್ಲುತ್ತದೆ. 48 ಇಂಚು ಅಂದರೆ 122 ಸೆಂ.ಮೀ. ಎರಡೂ ಕಡೆ 5 ಸೆಂ.ಮೀ ಹೊರಗೆ ಬರುತ್ತದೆ, ಸಾಕು.

ಪಿಟಿಒ ಶಾಫ್ಟ್ 6 ಸ್ಪ್ಲೈನ್ (ಶಾಫ್ಟ್ ಮೇಲಿನ ಉದ್ದನೆಯ ಹಲ್ಲು), 35 ಎಂಎಂ. ಹಿಂದೆ ಸಾಮಾನು ಕೂಡಿಸುವ ಮೂರು ತೋಳಿನಲ್ಲಿ ಕೆಳಗಿನ ಎರಡು ಲೋವರ್ ಲಿಂಕ್‌ಗೆ 22 ಎಂಎಂ ಪಿನ್, ಮೇಲಿನ ಟಾಪ್ ಲಿಂಕ್‌ಗೆ 19 ಎಂಎಂ. ಸಣ್ಣ ಗಾಡಿಯ ಈ ಅಳತೆಗೆ ಕೆಟಗರಿ 1 ಅಂತಾರೆ. ದೊಡ್ಡ ಗಾಡಿಯ ಸಾಮಾನು ತಂದರೆ 28 ಎಂಎಂ ಪಿನ್ ಬರುತ್ತದೆ, ಕೂರುವುದಿಲ್ಲ.

ಇನ್ನು ಪಿಟಿಒ ವೇಗ. ಇಲ್ಲಿ ಎಲ್ಲರೂ "540 ಇರ್ತದ ಬಿಡ್ರಿ" ಅಂತಾರೆ, ಅಂದರೆ ನಿಮಿಷಕ್ಕೆ 540 ಸುತ್ತು, ಪಿಟಿಒದ ಸಾಮಾನ್ಯ ವೇಗ. ನಂಬಬೇಡಿ, ಅಳೆಯಿರಿ. 1,200 ರೂಪಾಯಿಯ ಡಿಜಿಟಲ್ ಟ್ಯಾಕೋಮೀಟರ್ ಸಾಕು. ಶಾಫ್ಟ್‌ಗೆ ಹೊಳೆಯುವ ಸ್ಟಿಕರ್ ಅಂಟಿಸಿ, ದೂರದಿಂದ ಬೆಳಕು ಬಿಟ್ಟರೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ತೋರಿಸುತ್ತದೆ. ಈ ಗಾಡಿಯ ಪಿಟಿಒಗೆ ಒಂದಲ್ಲ, ಹಲವು ಗೇರ್ ಇವೆ. ಫುಲ್ ಆಕ್ಸಿಲರೇಟರ್‌ನಲ್ಲಿ ಮೊದಲನೆಯದು ಸುಮಾರು 620, ಎರಡನೆಯದು 910, ಮೂರನೆಯದು 1500. ಒಂದೇ ಸ್ಪ್ಲೈನ್, ಮೂರು ವೇಗ. ಲಿವರ್ ಒಂದು ಹಲ್ಲು ಆಚೆ ಬಿದ್ದರೆ ಬ್ಲೇಡ್ ಎಲ್ಲಿಗೋ ಹೋಗುತ್ತದೆ. ಈ ಅಂಶ ಮುಂದೆ ಇಡೀ ಕೆಲಸದ ದಿಕ್ಕು ನಿರ್ಧರಿಸಿತು.

2. ಡೆಕ್

ಸಿಕಂದರಾಬಾದ್‌ನ ರಾಣಿಗಂಜ್ ಕಡೆ ಹಳೆಯ ಯಂತ್ರದ ಸಾಮಾನು ಚೆನ್ನಾಗಿ ಸಿಗುತ್ತದೆ. ಅಲ್ಲಿ ಒಬ್ಬರ ಹತ್ತಿರ ರೈಡ್-ಆನ್ ಮೋವರ್‌ನ (ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ) ಡೆಕ್ ಇತ್ತು. ಎಂಜಿನ್ ಹಾಳಾಗಿ ಬಿಡಿಭಾಗಕ್ಕೆ ಬಿಚ್ಚಿದ ಗಾಡಿಯದು. 48 ಇಂಚು, ಮೂರು ಸ್ಪಿಂಡಲ್ (ಬ್ಲೇಡ್ ಕೂರುವ ಶಾಫ್ಟ್), ಪ್ರತಿ ಬ್ಲೇಡ್ 43 ಸೆಂ.ಮೀ. ಸ್ಪಿಂಡಲ್ ಪುಲ್ಲಿ 140 ಎಂಎಂ. 14,000 ರೂಪಾಯಿಗೆ ಕೊಟ್ಟರು.

ಕೊಳ್ಳುವಾಗ ಮೂರು ಕಡೆ ನೋಡಿದೆ. ಮೊದಲು ಸ್ಪಿಂಡಲ್ ಕೂರುವ ಜಾಗದ ತಗಡು ಬಿರುಕು ಬಿಟ್ಟಿದೆಯಾ. ಆಮೇಲೆ ಬ್ಲೇಡ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಎಷ್ಟು ಆಟ ಇದೆ. ಕೊನೆಗೆ ಬ್ಲೇಡ್‌ನ ಚೂಪು ಅಂಚು ಯಾವ ಕಡೆಗಿದೆ. ಈ ಡೆಕ್‌ನ ಬ್ಲೇಡ್ ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗಬೇಕು. ಎರಡು ಸ್ಪಿಂಡಲ್‌ನ ಬೇರಿಂಗ್ ಸವೆದಿದ್ದವು. ಮೂರಕ್ಕೂ ಹೊಸ 6205, ಎರಡೂ ಕಡೆ ರಬ್ಬರ್ ಸೀಲ್ ಇರುವವು ಹಾಕಿಸಿದೆ. ಆರು ಬೇರಿಂಗ್, ಕೂಲಿ ಸೇರಿ 1,900.

3. ಗೇರ್ ಬಾಕ್ಸ್ ಮತ್ತು ತಿರುಗುವ ದಿಕ್ಕು

ಪಿಟಿಒ ಅಡ್ಡಕ್ಕೆ ತಿರುಗುತ್ತದೆ, ಬ್ಲೇಡ್‌ನ ಸ್ಪಿಂಡಲ್ ನೇರಕ್ಕೆ ನಿಂತಿರುತ್ತದೆ. ನಡುವೆ ರೈಟ್ ಆಂಗಲ್ ಗೇರ್ ಬಾಕ್ಸ್ ಬೇಕು. ಅದರ ಪುಲ್ಲಿಯಿಂದ ಬೆಲ್ಟ್ ಸ್ಪಿಂಡಲ್‌ಗಳನ್ನು ತಿರುಗಿಸುತ್ತದೆ. ಹಳೆಯ ಸ್ಲ್ಯಾಷರ್ ಒಂದರ ಬಾಕ್ಸ್ 9,500ಕ್ಕೆ ಸಿಕ್ಕಿತು. ತಗಡಿನ ಮೇಲಿನ ಬರಹ ಅಳಿಸಿತ್ತು. ಒಳಗೆ ಹೋಗುವ ಶಾಫ್ಟ್‌ಗೂ ಹೊರಬರುವ ಶಾಫ್ಟ್‌ಗೂ ಸೀಮೆಸುಣ್ಣದ ಗೆರೆ ಎಳೆದು ಕೈಯಿಂದ ತಿರುಗಿಸಿದೆ. ಒಳಗಿನದು 14 ಸುತ್ತು ಹೋದಾಗ ಹೊರಗಿನದು 27 ಸುತ್ತು. ಅಂದರೆ 1ಕ್ಕೆ 1.93.

ಕೊಳಾರ ಕೈಗಾರಿಕಾ ಪ್ರದೇಶದ ಕಡೆ ನಮಗೆ ಪರಿಚಯದ ಒಬ್ಬ ಲೇತ್ ಉಸ್ತಾದ್ ಇದ್ದಾರೆ. ಬಾಕ್ಸ್ ಮೇಜಿನ ಮೇಲಿಟ್ಟು ಎರಡು ಸಲ ತಿರುಗಿಸಿ ಅವರೇ ಹೇಳಿದರು:

"ಅಣ್ಣಾರ, ಡಬ್ಬಿ ಚಲೋ ಅದ. ಖರೆ ಇದು ಉಲ್ಟಾ ತಿರಗ್ತದ ನೋಡ್ರಿ."

ಅವರು ಹೇಳಿದ್ದು ಸರಿ. ಟ್ರ್ಯಾಕ್ಟರ್ ಹಿಂದೆ ನಿಂತು ನೋಡಿದರೆ ಪಿಟಿಒ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಆ ದಿಕ್ಕಿಗೆ ಬಾಕ್ಸ್ ತಿರುಗಿಸಿದರೆ ಕೆಳಗಿನ ಶಾಫ್ಟ್ ಗಡಿಯಾರಕ್ಕೆ ಎದುರಾಗಿ ಹೋಗುತ್ತಿತ್ತು. ಹಾಗೇ ಕೂಡಿಸಿದ್ದರೆ ಬ್ಲೇಡ್‌ನ ಮೊಂಡು ಬೆನ್ನು ಹುಲ್ಲಿಗೆ ಬಡಿಯುತ್ತಿತ್ತು. ಬೆಲ್ಟ್ ಬಿಗಿ ಮಾಡುವ ಐಡ್ಲರ್ ಕೂಡ ತಪ್ಪು ಕಡೆ ಬೀಳುತ್ತಿತ್ತು. ಐಡ್ಲರ್ ಯಾವಾಗಲೂ ಬೆಲ್ಟ್‌ನ ಸಡಿಲ ಕಡೆ ಇರಬೇಕು. ಎಳೆಯುವ ಕಡೆ ಇದ್ದರೆ ಭಾರ ಬಿದ್ದಾಗ ಸ್ಪ್ರಿಂಗ್ ಸೋತು ಬೆಲ್ಟ್ ಹಾರಿ ಹೋಗುತ್ತದೆ.

ದಾರಿ ಮೂರಿತ್ತು. ಎಡಕ್ಕೆ ತಿರುಗುವ ಬ್ಲೇಡ್ ಹುಡುಕುವುದು: ಈ ಅಳತೆಗೆ ಎಲ್ಲೂ ಸಿಗಲಿಲ್ಲ. ಬಾಕ್ಸ್ ತಲೆಕೆಳಗು ಮಾಡುವುದು: ದಿಕ್ಕು ಸರಿ ಆಗುತ್ತದೆ, ಆದರೆ ಶಾಫ್ಟ್ ಆಕಾಶ ನೋಡುತ್ತದೆ, ಪುಲ್ಲಿ ಡೆಕ್‌ಗಿಂತ ತುಂಬಾ ಎತ್ತರಕ್ಕೆ ಹೋಗುತ್ತದೆ. ಮೂರನೆಯದು ಬಾಕ್ಸ್ ಬಿಚ್ಚಿ ಒಳಗಿನ ಕ್ರೌನ್ ಗೇರನ್ನು (ದೊಡ್ಡ ಗೇರ್) ಪಿನಿಯನ್‌ನ (ಸಣ್ಣ ಗೇರ್) ಈ ಕಡೆಯಿಂದ ಆ ಕಡೆಗೆ ಹಾಕುವುದು. ಹಾಗೆ ಮಾಡಿದರೆ ದಿಕ್ಕು ಬದಲಾಗುತ್ತದೆ. ಈ ಬಾಕ್ಸ್‌ನಲ್ಲಿ ಎರಡೂ ಕಡೆ ಒಂದೇ ಅಳತೆಯ ಬೇರಿಂಗ್ ಮನೆ ಇದ್ದದ್ದು ನಮ್ಮ ಅದೃಷ್ಟ. ಉಸ್ತಾದ್ ಹೊಸ ಸ್ಪೇಸರ್ ಬುಷ್ ಕಡೆದು, ಶಿಮ್ (ಸಂದಿ ಸರಿಪಡಿಸುವ ತೆಳು ತಗಡು) ಸೇರಿಸಿ ತೆಗೆದು, ಹಲ್ಲುಗಳ ನಡುವೆ 0.2 ಎಂಎಂ ಆಟ ಬರುವ ಹಾಗೆ ಕೂಡಿಸಿದರು. ಕೈಯಿಂದ ತಿರುಗಿಸಿದಾಗ ಎಲ್ಲೂ ಹಿಡಿಯಬಾರದು, ಸದ್ದೂ ಬರಬಾರದು. ಈ ಕೆಲಸ ಅವಸರದಲ್ಲಿ ಆಗುವುದಲ್ಲ. ಅವರು ಅವಸರ ಮಾಡಲೂ ಇಲ್ಲ.

ಆಮೇಲೆ ಹೊಸ ಆಯಿಲ್ ಸೀಲ್, ನೈಂಟಿ ಗೇರ್ ಆಯಿಲ್.

4. ಪುಲ್ಲಿಯ ಲೆಕ್ಕ

ಬ್ಲೇಡ್ ತುದಿಯ ವೇಗಕ್ಕೆ ಸೂತ್ರ ಸುಲಭ. ಬ್ಲೇಡ್‌ನ ಉದ್ದವನ್ನು ಮೀಟರಿನಲ್ಲಿ ಬರೆದು 3.14ರಿಂದ ಗುಣಿಸಿ. ಅದನ್ನು ಬ್ಲೇಡ್‌ನ ಆರ್‌ಪಿಎಂನಿಂದ ಗುಣಿಸಿ 60ರಿಂದ ಭಾಗಿಸಿ. ಬರುವುದು ಸೆಕೆಂಡಿಗೆ ಎಷ್ಟು ಮೀಟರ್ ಅಂತ.

ಮೋವರ್ ಬ್ಲೇಡ್ ತುದಿಗೆ ಅಮೆರಿಕದ ಸುರಕ್ಷತಾ ಮಾನದಂಡದ ಮಿತಿ ನಿಮಿಷಕ್ಕೆ 19,000 ಅಡಿ, ಅಂದರೆ ಸೆಕೆಂಡಿಗೆ ಸುಮಾರು 96 ಮೀಟರ್. ಒಳ್ಳೆಯ ಕಟಿಂಗ್‌ಗೆ 70ರಿಂದ 85 ಸಾಕು. ನಮ್ಮ ನೆಲದಲ್ಲಿ ಕಲ್ಲು ಇರುವುದರಿಂದ ನಾನು 70ರ ಹತ್ತಿರವೇ ನಿಲ್ಲಿಸಬೇಕು ಅಂದುಕೊಂಡೆ.

ಗೇರ್ ಬಾಕ್ಸ್ ಕೆಳಗೆ 250 ಎಂಎಂ ಪುಲ್ಲಿ, ಸ್ಪಿಂಡಲ್ ಮೇಲೆ 140. ಎರಡನೇ ಪಿಟಿಒ ಗೇರ್‌ನಲ್ಲಿ 910 × 1.93 = 1,756. ಅದು ಪುಲ್ಲಿ ದಾಟಿ ಬ್ಲೇಡ್‌ಗೆ ಬರುವಷ್ಟರಲ್ಲಿ ಸುಮಾರು 3,135 ಆರ್‌ಪಿಎಂ. ತುದಿ ವೇಗ 71 ಮೀಟರ್. ಇದೇ ನನಗೆ ಬೇಕಾದದ್ದು.

ಮೊದಲನೇ ಗೇರ್‌ನಲ್ಲಿ ಅದೇ ಪುಲ್ಲಿಗೆ 48 ಮೀಟರ್ ಬರುತ್ತದೆ. ಒಣ ಕಾಂಗ್ರೆಸ್ ಕಡ್ಡಿ ಮುರಿಯಬಹುದು, ಹಸಿ ಕರಿಕೆ ಬರೀ ಹರಿಯುತ್ತದೆ. ಮೂರನೇ ಗೇರ್‌ನಲ್ಲಿ 116 ಮೀಟರ್! ಮಿತಿಗಿಂತ ಎಷ್ಟೋ ಮೇಲೆ. ಅಲ್ಲಿ ಕಲ್ಲಿಗೆ ತಾಗಿದರೆ ಏನಾಗುತ್ತದೆ ಅಂತ ನೋಡುವ ಆಸೆ ಯಾರಿಗೂ ಬೇಡ. ಅದಕ್ಕೇ ಪಿಟಿಒ ಲಿವರ್ ಓಡಾಡುವ ಸಂದಿಯಲ್ಲಿ 6 ಎಂಎಂ ಪ್ಲೇಟಿನ ತುಂಡು ಬೋಲ್ಟ್ ಮಾಡಿ ಮೂರನೇ ಗೇರ್ ಬೀಳದ ಹಾಗೆ ತಡೆದೆ. ಡೆಕ್ ಬಿಚ್ಚಿ ಬೇರೆ ಸಾಮಾನು ಹಾಕುವಾಗ ಆ ತುಂಡು ತೆಗೆಯಬಹುದು. ಈ ಇಡೀ ಕೆಲಸದಲ್ಲಿ ಅತಿ ಕಡಿಮೆ ದುಡ್ಡಿನ ಭಾಗ ಅದು. ನನ್ನ ಪ್ರಕಾರ ಅತಿ ಮುಖ್ಯ ಭಾಗವೂ ಅದೇ. ಗಾಡಿ ನಾನೊಬ್ಬನೇ ಓಡಿಸುವುದಿಲ್ಲ, ತಮ್ಮ ಓಡಿಸುತ್ತಾನೆ, ಆಳು ಓಡಿಸುತ್ತಾರೆ. ಹೇಳಿದ್ದು ಎಲ್ಲರಿಗೂ ನೆನಪಿರುವುದಿಲ್ಲ.

300 ಎಂಎಂ ಪುಲ್ಲಿ ಹಾಕಿದರೆ 85 ಮೀಟರ್ ಸಿಗುತ್ತಿತ್ತು, ಕಟಿಂಗ್ ಇನ್ನೂ ನುಣುಪು ಬರುತ್ತಿತ್ತು. ಆದರೆ ಗಾಡಿಗೆ ಶಕ್ತಿ ಕಡಿಮೆ. 4 ಅಡಿ ಡೆಕ್‌ಗೆ ಅಡಿಗೆ 3ರಿಂದ 4 ಎಚ್‌ಪಿ ಹಿಡಿದರೂ 12ರಿಂದ 16 ಬೇಕು. 18.5ರ ಎಂಜಿನ್‌ನಿಂದ ಪಿಟಿಒಗೆ ಬರುವುದು 15ರ ಆಸುಪಾಸು. ತೋಟಕ್ಕೆ ಕ್ರಿಕೆಟ್ ಗ್ರೌಂಡಿನ ನುಣುಪು ಬೇಕಿಲ್ಲ. 250ಕ್ಕೇ ನಿಂತೆ.

ಒಂದು ಅನುಮಾನ ಉಳಿದಿತ್ತು. ಈ ಗೇರ್ ಬಾಕ್ಸ್ 540ಕ್ಕೆ ಮಾಡಿದ್ದು, ನಾವು 910ರಲ್ಲಿ ಓಡಿಸುತ್ತೇವೆ. ಭಾರದ ಚಿಂತೆ ಇಲ್ಲ, ಯಾಕಂದ್ರೆ ಆ ಬಾಕ್ಸ್ ನಮ್ಮದಕ್ಕಿಂತ ದೊಡ್ಡ ಗಾಡಿಯ ಶಕ್ತಿ ತಡೆದದ್ದು. ಬಿಸಿಯ ಚಿಂತೆ ಇತ್ತು. ಅರ್ಧ ಗಂಟೆ ಕೆಲಸ ಮಾಡಿಸಿ ಇನ್‌ಫ್ರಾರೆಡ್ ಗನ್ ಹಿಡಿದಾಗ ಬಾಕ್ಸ್‌ನ ಮೈ 68 ಡಿಗ್ರಿ. ಒಂದು ಗಂಟೆಯ ನಂತರವೂ ಹೆಚ್ಚೇನೂ ಏರಲಿಲ್ಲ. 90 ದಾಟಿದ್ದರೆ ಬೇರೆ ಬಾಕ್ಸ್ ಹುಡುಕಬೇಕಿತ್ತು. ಬೀಡಿನ (ಎರಕದ ಕಬ್ಬಿಣದ) ಪುಲ್ಲಿಯ ಅಂಚಿನ ವೇಗವನ್ನೂ ನೋಡಿದೆ: ಸೆಕೆಂಡಿಗೆ 23 ಮೀಟರ್. ಬೀಡಿಗೆ 33ರವರೆಗೆ ಭಯ ಇಲ್ಲ.

5. ಚೌಕಟ್ಟು

75 × 40 ಎಂಎಂ ಕಬ್ಬಿಣದ ಚಾನೆಲ್‌ನಿಂದ ಡೆಕ್ ಮೇಲೆ ಸೇತುವೆ ಕಟ್ಟಿ, ಗೇರ್ ಬಾಕ್ಸನ್ನು ನಡುವಿನ ಸ್ಪಿಂಡಲ್‌ಗಿಂತ ಸ್ವಲ್ಪ ಮುಂದೆ ಕೂರಿಸಿದೆವು. ಬೋಲ್ಟ್ ತೂತುಗಳನ್ನು ಉದ್ದ ಮಾಡಿದ್ದರಿಂದ ಬಾಕ್ಸನ್ನು ಹಿಂದೆ ಮುಂದೆ ಸರಿಸಬಹುದು. ಪುಲ್ಲಿಗಳು ಒಂದೇ ಮಟ್ಟದಲ್ಲಿವೆಯಾ ಅಂತ ನೇರ ಪಟ್ಟಿ ಇಟ್ಟು ನೋಡಬೇಕು. 2 ಎಂಎಂ ಮೇಲೆ ಕೆಳಗಾದರೂ ಬೆಲ್ಟ್ ಒಂದು ಕಡೆ ತಿನ್ನುತ್ತದೆ.

ಡೆಕ್ ನೆಲದ ಏರಿಳಿತಕ್ಕೆ ತಾನೇ ಹೊಂದಿಕೊಳ್ಳಬೇಕು. ಅದಕ್ಕೆ ಟಾಪ್ ಲಿಂಕ್ ಕೂರುವ ಪ್ಲೇಟ್‌ನಲ್ಲಿ ದುಂಡು ತೂತಿನ ಬದಲು 6 ಸೆಂ.ಮೀ ಉದ್ದದ ಸಂದಿ ಕೊಯ್ಯಿಸಿದೆ. ನಾಲ್ಕು ಮೂಲೆಗೆ ಗಾಲಿ, ಹಿಂದಿನ ಎರಡು ಸುತ್ತ ತಿರುಗುವವು. ಕಟಿಂಗ್ ಎತ್ತರ 7.5 ಸೆಂ.ಮೀ. ಬ್ಲೇಡ್‌ನ ಮುಂಭಾಗ ಹಿಂಭಾಗಕ್ಕಿಂತ 6 ಎಂಎಂ ಕೆಳಗೆ ಇರುವ ಹಾಗೆ ಕೂಡಿಸಬೇಕು. ಸಮ ಇದ್ದರೆ ಒಂದೇ ಹುಲ್ಲನ್ನು ಹಿಂದಿನ ಅಂಚು ಮತ್ತೆ ತುರಿಯುತ್ತಾ ಸುಮ್ನೆ ಶಕ್ತಿ ತಿನ್ನುತ್ತದೆ.

ಎಲ್ಲ ಸೇರಿ 170 ಕಿಲೋ ಆಯಿತು. ಲಿಫ್ಟ್ ಸಲೀಸಾಗಿ ಎತ್ತುತ್ತದೆ. ಎತ್ತಿದಾಗ ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗ್ ತೇಲಿದಂತೆ ಆಗುತ್ತಿತ್ತು. ಮುಂದೆ 40 ಕಿಲೋ ತೂಕ ಕಟ್ಟಿದ ಮೇಲೆ ಸರಿ ಹೋಯಿತು.

6. ಪಿಟಿಒ ಶಾಫ್ಟ್, ಓವರ್‌ರನಿಂಗ್ ಕ್ಲಚ್

ಈ ಗಾಡಿಯಲ್ಲಿ ಒಂದೇ ಕ್ಲಚ್. ಹಳೆಯ ಸಣ್ಣ ಗಾಡಿಗೆ ಮೋವರ್ ಹಾಕುವವರು ಇದನ್ನು ಗಮನಿಸಲೇಬೇಕು. ಕ್ಲಚ್ ತುಳಿದರೆ ಎಂಜಿನ್ ಬಿಡುತ್ತದೆ, ಆದರೆ ಮೂರು ಬ್ಲೇಡ್, ಪುಲ್ಲಿ ತಿರುಗುತ್ತಲೇ ಇರುತ್ತವೆ. ಆ ತಿರುಗಾಟ ಪಿಟಿಒ ಮೂಲಕ ವಾಪಸ್ ಬಂದು ಗಾಲಿಯನ್ನು ತಳ್ಳುತ್ತದೆ. ನೀವು ನಿಲ್ಲಿಸಬೇಕು ಅಂದುಕೊಂಡಾಗ ಗಾಡಿ ಇನ್ನೂ ಮುಂದೆ ಹೋಗಿ ಗಿಡಕ್ಕೋ ಬದುವಿಗೋ ಗುದ್ದುತ್ತದೆ. ಪಿಟಿಒ ಸ್ಪ್ಲೈನ್ ಮೇಲೆ ಓವರ್‌ರನಿಂಗ್ ಕ್ಲಚ್ ಹಾಕಿದರೆ ಶಕ್ತಿ ಒಂದೇ ಕಡೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಸೈಕಲ್‌ನ ಫ್ರೀ ವೀಲ್ ಇದ್ದಂತೆ. 3,800 ರೂಪಾಯಿ. ಇದನ್ನು ಬಿಟ್ಟು ಡೆಕ್ ಓಡಿಸಬೇಡಿ.

ಅದು ಪಿಟಿಒ ಉದ್ದವನ್ನು ಸುಮಾರು 9 ಸೆಂ.ಮೀ ಹೆಚ್ಚಿಸುತ್ತದೆ. ಆದ್ದರಿಂದ ಕಾರ್ಡನ್ ಶಾಫ್ಟ್ (ಪಿಟಿಒದಿಂದ ಗೇರ್ ಬಾಕ್ಸ್‌ಗೆ ಹೋಗುವ, ಒಂದರೊಳಗೊಂದು ಜಾರುವ ಕೊಳವೆಯ ಶಾಫ್ಟ್) ಕತ್ತರಿಸುವ ಮೊದಲೇ ಅದನ್ನು ಕೂರಿಸಿ ಅಳೆಯಬೇಕು. ಡೆಕ್ ಮೇಲೆತ್ತಿ, ನಡುವೆ ನಿಲ್ಲಿಸಿ, ಕೆಳಗಿಳಿಸಿ ಅಳೆದೆ. ಅತಿ ಕಡಿಮೆ 55 ಸೆಂ.ಮೀ, ಅತಿ ಹೆಚ್ಚು 62. ಕಡಿಮೆ ಇದ್ದಾಗ ಎರಡು ಕೊಳವೆ ತುದಿಗೆ ಗುದ್ದದೆ 2.5 ಸೆಂ.ಮೀ ಉಳಿಯಬೇಕು. ಹೆಚ್ಚು ಇದ್ದಾಗ ಒಂದರೊಳಗೊಂದು ಕನಿಷ್ಠ ಮೂರನೇ ಒಂದು ಭಾಗ ಇರಬೇಕು. ಒಳಗಿನ ಕೊಳವೆ, ಹೊರಗಿನ ಕೊಳವೆ, ಪ್ಲಾಸ್ಟಿಕ್ ಕವಚ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಬೇಕು. ಜೋಡಿಸುವಾಗ ಎರಡೂ ತುದಿಯ ಯೋಕ್ (ಕವಲಿನ ಜೋಡಣೆ) ಒಂದೇ ನೇರಕ್ಕೆ ಬರಬೇಕು. ಇಲ್ಲದಿದ್ದರೆ ಪ್ರತಿ ಸುತ್ತಿಗೂ ಶಾಫ್ಟ್ ಜಗ್ಗಿ ಜಗ್ಗಿ ಬಿಟ್ಟು ಬಾಕ್ಸ್ ಅದುರುತ್ತದೆ.

ಪ್ಲಾಸ್ಟಿಕ್ ಕವಚವನ್ನು ನಮ್ಮ ಕಡೆ ಎಷ್ಟೋ ಜನ ತೆಗೆದು ಬಿಸಾಡುತ್ತಾರೆ. ಟವೆಲ್, ಲುಂಗಿ, ಸೆರಗು ಒಂದು ಸಲ ಸುತ್ತಿಕೊಂಡರೆ ಬಿಡಿಸಲು ಸಮಯವೇ ಇರುವುದಿಲ್ಲ. ದಯವಿಟ್ಟು ತೆಗೆಯಬೇಡಿ.

7. ಮೊದಲ ಓಟ, ಬೆಲ್ಟ್ ಸೋತದ್ದು

ಮೊಣಕಾಲಿಗಿಂತ ಕಡಿಮೆ ಹುಲ್ಲಿನಲ್ಲಿ ಚೆನ್ನಾಗಿ ಹೋಯಿತು. ಸೊಂಟದುದ್ದ ಜೇಕಿಗೆ ಬಂದ ತಕ್ಷಣ ಸುಟ್ಟ ರಬ್ಬರ್ ವಾಸನೆ. ಬ್ಲೇಡ್ ನಿಧಾನ, ಎಂಜಿನ್ ಮಾತ್ರ ಆರಾಮಾಗಿ ಓಡುತ್ತಿದೆ. ಅಂದರೆ ಶಕ್ತಿ ಬೆಲ್ಟ್‌ನಲ್ಲೇ ಜಾರುತ್ತಿದೆ. ಸ್ಪ್ರಿಂಗ್ ಬಿಗಿ ಮಾಡಿದರೂ ಗುಣ ಕಾಣಲಿಲ್ಲ. ಬೇರಿಂಗ್ ಬಿಸಿಯಾಯಿತು, ಅಷ್ಟೇ.

ಕಾರಣ ಬೆಲ್ಟ್‌ನ ದಾರಿಯಲ್ಲಿತ್ತು. ಗೇರ್ ಬಾಕ್ಸ್ ಕೆಳಗಿನ ಡ್ರೈವ್ ಪುಲ್ಲಿಗೆ ಬೆಲ್ಟ್ ಸುತ್ತಿದ್ದು 110 ಡಿಗ್ರಿಯಷ್ಟು ಮಾತ್ರ, ಅರ್ಧ ಸುತ್ತೂ ಇಲ್ಲ. ಹಿಡಿಯಲು ಜಾಗವೇ ಸಾಲದು. ಬೆಲ್ಟ್‌ನ ಬೆನ್ನಿಗೆ ಒತ್ತುವ ಇನ್ನೊಂದು ಚಪ್ಪಟೆ ಐಡ್ಲರ್ ಕೂರಿಸಿ ಸುತ್ತನ್ನು 180 ಡಿಗ್ರಿಗೆ ತಂದೆವು. ಸಾದಾ ಬಿ ಸೆಕ್ಷನ್ ಬೆಲ್ಟ್ ತೆಗೆದು, ಒಳಗೆ ಕೆವ್ಲಾರ್ ಅನ್ನುವ ಗಟ್ಟಿ ದಾರ ಇರುವ ಮೋವರ್ ಬೆಲ್ಟ್ ಹಾಕಿದೆವು. ಬೆನ್ನಿನ ಮೇಲೆ ಐಡ್ಲರ್ ಓಡುವಾಗ ಬೆಲ್ಟ್ ಎರಡೂ ಕಡೆ ಬಾಗುತ್ತದೆ. ಸಾದಾ ಬೆಲ್ಟ್ ಅದನ್ನು ಹೆಚ್ಚು ದಿನ ತಡೆಯುವುದಿಲ್ಲ. ಆಮೇಲೆ ಅದೇ ಜೇಕಿನಲ್ಲಿ ಓಡಿಸಿದಾಗ ಎಂಜಿನ್ ದನಿ ಇಳಿಯಿತು, ಬೆಲ್ಟ್ ಜಾರಲಿಲ್ಲ. ನನಗೆ ಬೇಕಿದ್ದದ್ದು ಇದೇ. ಭಾರ ಬಿದ್ದದ್ದು ಎಂಜಿನ್ ದನಿಯಲ್ಲಿ ಕೇಳಿದರೆ ಗೇರ್ ಇಳಿಸಿ ನಿಧಾನ ಹೋಗಬಹುದು.

ಕಲ್ಲಿಗೆ ಇನ್ನೊಂದು ವ್ಯವಸ್ಥೆ. ಡೆಕ್‌ನ ಮುಂದೆ ಹಿಂದೆ ಸರಪಳಿ ತುಂಡುಗಳನ್ನು ಒತ್ತಾಗಿ ಇಳಿಬಿಟ್ಟೆ. ಪಕ್ಕದ ಹುಲ್ಲು ಹೊರಬರುವ ಬಾಯಿಗೆ ಹಳೆಯ ಕನ್ವೇಯರ್ ರಬ್ಬರ್ ಕಟ್ಟಿದೆ. ಹಾರುವ ಮುರುಮು ಕಲ್ಲು ಅಲ್ಲೇ ಬೀಳುತ್ತದೆ. ಆದರೂ ಓಡುವಾಗ ಆ ಸಾಲಿನಲ್ಲಿ ಯಾರೂ ಇರಬಾರದು. ಗಾಡಿ ಇಳಿಸುವ ಮೊದಲು ದೊಡ್ಡ ಕಲ್ಲುಗಳನ್ನು ಆರಿಸಿ ಬದುವಿಗೆ ಹಾಕಿದ್ದೇವೆ.

ಖರ್ಚು

ಡೆಕ್ 14,000. ಗೇರ್ ಬಾಕ್ಸ್ 9,500. ಕಾರ್ಡನ್ ಶಾಫ್ಟ್ 4,200. ಓವರ್‌ರನಿಂಗ್ ಕ್ಲಚ್ 3,800. ಪುಲ್ಲಿ, ಐಡ್ಲರ್, ಎರಡೂ ಬೆಲ್ಟ್ 3,600. ಬೇರಿಂಗ್ 1,900. ಕಬ್ಬಿಣ 5,400. ಲೇತ್ ಮತ್ತು ವೆಲ್ಡಿಂಗ್ ಕೂಲಿ 8,000. ಒಟ್ಟು 50,400 ರೂಪಾಯಿ. ಸಾಗಾಣಿಕೆ, ಬಣ್ಣ, ಟ್ಯಾಕೋಮೀಟರ್ ಇದರಲ್ಲಿ ಸೇರಿಲ್ಲ.

ಈಗ ಒಂದು ಎಕರೆಗೆ ಒಂದೂವರೆ ಗಂಟೆ, ಡೀಸೆಲ್ ಸುಮಾರು 3 ಲೀಟರ್. ಬ್ಲೇಡ್‌ಗಳನ್ನು ಆಗಾಗ ಬಿಚ್ಚಿ ಸಾಣೆ ಹಿಡಿದು, ನಡುವಿನ ತೂತಿಗೆ ಮೊಳೆ ಹಾಕಿ ತೂಗಿ ನೋಡುತ್ತೇನೆ. ಒಂದು ಕಡೆ ವಾಲಿದರೆ ಆ ಕಡೆಯ ತುದಿಯನ್ನು ಇನ್ನಷ್ಟು ಸಾಣೆ ಹಿಡಿಯಬೇಕು.

ಎರಡು ಕೆಲಸ ಬಾಕಿ ಇವೆ. ಬಲಗಡೆ ತಿರುವು ತೆಗೆದುಕೊಳ್ಳುವಾಗ ಬ್ಲೇಡ್‌ಗಳ ನಡುವೆ ಎರಡು ಬೆರಳಗಲ ಹುಲ್ಲಿನ ಪಟ್ಟಿ ಉಳಿಯುತ್ತಿದೆ. ಲೋವರ್ ಲಿಂಕ್‌ನ ಚೆಕ್ ಚೈನ್ ಬಿಗಿ ಮಾಡಿ ಡೆಕ್‌ನ ಅಡ್ಡ ಓಲಾಟ ಕಡಿಮೆ ಮಾಡಿ ನೋಡಬೇಕು. ಇನ್ನೊಂದು, ಹುಲ್ಲಿನ ಪುಡಿ ಬೆಲ್ಟ್ ಕವರ್ ಒಳಗೆ ತುಂಬಿ ಐಡ್ಲರ್‌ಗೆ ಅಂಟುತ್ತಿದೆ. ಮಳೆಗಾಲ ಜೋರಾಗುವ ಮೊದಲು ಕವರ್‌ಗೆ ಹಿಂದಿನಿಂದ ಕಿಟಕಿ ಕೊಯ್ದು, ಬಿಚ್ಚದೇ ಗಾಳಿ ಹೊಡೆದು ಸ್ವಚ್ಛ ಮಾಡುವ ಹಾಗೆ ಮಾಡಿಸಬೇಕು.